ಹಳೆಯ ಕಾರಿನ ಸ್ಟಾರ್ಟರು: ದೋಷಪರೀಕ್ಷೆಯ ಕ್ರಮ

1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು ಬಂದ ಮೇಲೆ, ಹ್ಯಾಂಡಲ್ ತಿರುಗಿಸುವ ಅಪಾಯಕರ ಶ್ರಮವು ಕ್ರಮೇಣ ತಪ್ಪಿತು. ಇಂದು ಹಳೆಯ ಕಾರೊಂದು ಚಾಲನೆಗೊಳ್ಳದಿದ್ದರೆ ಅದರ ಮೂಲ ಮೋಟಾರನ್ನೇ ಕಿತ್ತೊಗೆಯುವುದುಂಟು. ಚಾರಿತ್ರಿಕ ಸಾಕ್ಷ್ಯವೊಂದು ಹೀಗೆ ನಷ್ಟವಾಗುತ್ತದೆ. ದೋಷವಾದರೋ ಅನೇಕ ವೇಳೆ ತಂತಿಗಳ ಜೋಡಣೆಯಲ್ಲಿರುತ್ತದೆ. 200 ಆಂಪಿಯರ್ ಪ್ರವಾಹ ಹರಿಯುವಾಗ, ಕಿಲುಬು ಹಿಡಿದ ಜೋಡಣೆಯ 0.01 ಓಮ್ ರೋಧವೇ ಬ್ಯಾಟರಿಯ 12 ವೋಲ್ಟುಗಳಲ್ಲಿ 2ನ್ನು ನುಂಗುವುದು.

ಆದುದರಿಂದ ಮೊದಲು ದೀಪಗಳನ್ನು ಹೊತ್ತಿಸಿ ಸ್ಟಾರ್ಟರಿನ ಸ್ವಿಚ್ಚನ್ನು ಒತ್ತಬೇಕು. ಅವು ತೀರ ಮಂಕಾದರೆ ಬ್ಯಾಟರಿ, ಅದರ ಜೋಡಣೆ ಇಲ್ಲವೆ ಸಿಕ್ಕಿಕೊಂಡ ಮೋಟಾರು ಶಂಕಾಸ್ಪದ. ಮಂಕಾಗದಿದ್ದರೆ ಸ್ವಿಚ್ಚು, ಎಂಜಿನ್ನಿನ ಅರ್ತ್ ತಂತಿ ಇಲ್ಲವೆ ಮೋಟಾರಿನ ಬ್ರಷ್ಷು. ಬಳಿಕ, ಸ್ವಿಚ್ಚನ್ನು ಒತ್ತಿರುವಾಗಲೇ ಪ್ರತಿಯೊಂದು ಜೋಡಣೆಯ ಎರಡು ಬದಿಗೂ ವೋಲ್ಟ್‌ಮೀಟರನ್ನು ಹಿಡಿಯಬೇಕು. ಅರ್ಧ ವೋಲ್ಟಿಗೆ ಮೀರಿದ ವ್ಯತ್ಯಾಸ ಕಂಡಲ್ಲಿ ಆ ಜೋಡಣೆಯನ್ನು ಉಜ್ಜಿ ಬಿಗಿಗೊಳಿಸಬೇಕು. ಇಷ್ಟಾದ ಮೇಲೆಯೇ ಮೋಟಾರನ್ನು ಬಿಚ್ಚುವುದು ಯುಕ್ತ.