ತಲೆಗೆ ಪೆಟ್ಟು ಬಿದ್ದರೆ: ಮೊದಲ ಎರಡು ದಿನ, ಆಮೇಲಿನ ಎರಡು ವಾರ

ಅಡಿಕೆ ಕೊಯ್ಲು ಶುರುವಾಗಿದೆ. ಭದ್ರಾವತಿ ಸುತ್ತಿನ ತೋಟಗಳಲ್ಲಿ ಹಗಲೆಲ್ಲ ದೋಟಿ ಕೆಲಸ, ಸಂಜೆಯಾದರೆ ಸುಲಿಯುವ ಯಂತ್ರದ ಸದ್ದು. ಇದರ ನಡುವೆ ಪ್ರತಿ ಸೀಸನ್‌ನಲ್ಲೂ ಒಂದು ಮಾತು ನನ್ನ ಕಿವಿಗೆ ಬೀಳುತ್ತದೆ: "ತಲೆಗೆ ಸ್ವಲ್ಪ ಏಟಾಯ್ತು, ಏನಿಲ್ಲ ಮಾರಾಯ, ಸ್ಕ್ಯಾನ್ ನಾರ್ಮಲ್ ಬಂದಿದೆ. ನಾಳೆಯಿಂದ ಕೆಲ್ಸಕ್ಕೆ ಬರ್ತೀನಿ."

ಸ್ಕ್ಯಾನ್ ನಾರ್ಮಲ್ ಅಂದ್ರೆ ತಲೆಯೊಳಗೆ ರಕ್ತಸ್ರಾವ ಕಾಣಲಿಲ್ಲ ಎಂದಷ್ಟೇ ಅರ್ಥ. ಮರ ಹತ್ತಬಹುದು, ಟಿಲ್ಲರ್ ಹಿಡಿಯಬಹುದು ಅಂತ ಯಾವ ಸ್ಕ್ಯಾನೂ ಹೇಳುವುದಿಲ್ಲ. ಕೆಲಸಕ್ಕೆ ಯಾವಾಗ, ಹೇಗೆ ವಾಪಸ್ ಹೋಗಬೇಕು ಅನ್ನೋದು ಈ ವಾರದ ವಿಷಯ.

ಸ್ಕ್ಯಾನ್‌ಗೆ ಕಾಣದ ಪೆಟ್ಟು

ಪೆಟ್ಟಿಗೆ ಮಿದುಳು ಬುರುಡೆಯೊಳಗೆ ಅದುರಿ, ಸ್ವಲ್ಪ ಕಾಲ ಅದರ ಕೆಲಸ ಏರುಪೇರಾಗುವುದಕ್ಕೆ ವೈದ್ಯರು ಕನ್ಕಷನ್ ಅನ್ನುತ್ತಾರೆ. ಮೊಸರಿನ ಪಾತ್ರೆಯನ್ನು ಜೋರಾಗಿ ಅಲುಗಿಸಿದರೆ ಪಾತ್ರೆ ಒಡೆಯುವುದಿಲ್ಲ, ಒಳಗಿನ ಮೊಸರು ಕದಡುತ್ತದೆ. ಇದೂ ಹಾಗೇ. ಸಿ.ಟಿ. ಸ್ಕ್ಯಾನ್ ಮೂಳೆ ಮುರಿತ, ರಕ್ತಸ್ರಾವವನ್ನು ತೋರಿಸುತ್ತದೆ. ಈ ಕದಡಿದ್ದನ್ನು ತೋರಿಸುವುದಿಲ್ಲ.

ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಅನ್ನುವುದು ತಪ್ಪು ತಿಳಿವಳಿಕೆ. ಬಹುಪಾಲು ಜನರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣು ಮಂಜಾಗುವುದು, ಬೆಳಕು ಮತ್ತು ಸದ್ದು ಸಹಿಸದಿರುವುದು, ಮಂಕು, ಮರೆವು, ಸುಮ್ಮಸುಮ್ಮನೆ ಸಿಟ್ಟು, ನಿದ್ದೆ ಕೆಡುವುದು ಇದರ ಲಕ್ಷಣಗಳು. ಕೆಲವು ಅಂದೇ ಕಾಣುತ್ತವೆ, ಕೆಲವು ಮರುದಿನ.

ನಮ್ಮ ತೋಟದಲ್ಲೇ ನಡೆದದ್ದು ಹೇಳುತ್ತೇನೆ. ದೋಟಿಯಿಂದ ಕೊಯ್ದ ಗೊನೆ ಬಲೆಗೆ ಬೀಳದೆ ನನ್ನ ಚಿಕ್ಕಪ್ಪನ ಮಗನ ತಲೆಗೆ ಸವರಿಕೊಂಡು ಬಿತ್ತು. ಅವನು ಕೂತ, ನೀರು ಕುಡಿದ, ನಕ್ಕ. ಐದು ನಿಮಿಷದಲ್ಲಿ "ಅಣ್ಣಾ, ಬೈಕ್ ಕೀ ಎಲ್ಲಿ?" ಅಂತ ಮೂರು ಸಲ ಕೇಳಿದ. ಮೂರು ಸಲವೂ ಮೊದಲ ಸಲ ಕೇಳಿದ ಹಾಗೇ ಕೇಳಿದ. ರಕ್ತ ಇಲ್ಲ, ಗಾಯ ಇಲ್ಲ. ಅವನನ್ನು ಕಾರಿನಲ್ಲಿ ಶಿವಮೊಗ್ಗಕ್ಕೆ ಕರ್ಕೊಂಡು ಹೋದ್ವಿ. ಸ್ಕ್ಯಾನ್ ನಾರ್ಮಲ್. ಆದರೂ ಪೂರ್ತಿ ಕೆಲಸಕ್ಕೆ ಮರಳಲು ಅವನಿಗೆ 13 ದಿನ ಬೇಕಾಯಿತು.

ಗೊನೆಯೊಂದೇ ಅಲ್ಲ. ತಲೆ ಪೆಟ್ಟಿನ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಮಾಡಿದ ಅಧ್ಯಯನಗಳಲ್ಲಿ ಸುಮಾರು ಶೇ. 60ರಷ್ಟಕ್ಕೆ ಕಾರಣ ರಸ್ತೆ ಅಪಘಾತ, ಶೇ. 20ರಿಂದ 25ರಷ್ಟಕ್ಕೆ ಬೀಳುವುದು. ಬೈಕ್‌ನಲ್ಲಿ ಬಿ.ಎಚ್. ರಸ್ತೆ ಹಿಡಿದು ಶಿವಮೊಗ್ಗ ಮಂಡಿಗೆ ಓಡಾಡುವ, ತೋಟದಲ್ಲಿ ಮರ ಹತ್ತುವ ನಮಗೆ ಎರಡೂ ಹತ್ತಿರದ್ದೇ.

ತಡ ಮಾಡದೆ ಆಸ್ಪತ್ರೆಗೆ ಹೋಗಬೇಕಾದಾಗ

ಕೆಳಗಿನವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ:

• ಒಂದಕ್ಕಿಂತ ಹೆಚ್ಚು ಸಲ ವಾಂತಿ
• ಗಂಟೆಗಂಟೆಗೂ ಜಾಸ್ತಿಯಾಗುವ ತಲೆನೋವು
• ಫಿಟ್ಸ್, ತೊದಲು ಮಾತು, ಕೈಕಾಲಲ್ಲಿ ಬಲ ಇಲ್ಲದಿರುವುದು
• ಎಬ್ಬಿಸಿದರೂ ಏಳದಷ್ಟು ಮಂಪರು, ಹೆಚ್ಚುತ್ತಾ ಹೋಗುವ ಗೊಂದಲ
• ಒಂದು ಕಣ್ಣಿನ ಪಾಪೆ ದೊಡ್ಡದು, ಇನ್ನೊಂದರದು ಸಣ್ಣದು
• ಮೂಗು ಅಥವಾ ಕಿವಿಯಿಂದ ರಕ್ತ, ನೀರಿನಂಥ ದ್ರವ

ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, 65 ದಾಟಿದವರು ಲಕ್ಷಣ ಇಲ್ಲದಿದ್ದರೂ ಹೋಗಿ ತೋರಿಸಬೇಕು. ಎತ್ತರದಿಂದ ಬಿದ್ದವರೂ ಅಷ್ಟೆ. ವೈದ್ಯರು ಬಳಸುವ ಒಂದು ಮಾನದಂಡದಲ್ಲಿ 3 ಅಡಿಗಿಂತ ಹೆಚ್ಚಿನ ಎತ್ತರವೇ ಅಪಾಯದ ಗುರುತು. ಅಡಿಕೆ ಮರದಿಂದ ಬಿದ್ದವರ ವಿಷಯದಲ್ಲಿ ಯೋಚನೆ ಮಾಡುವ ಮಾತೇ ಇಲ್ಲ.

ಮರದಿಂದ ಬಿದ್ದವರನ್ನು ತಕ್ಷಣ ಎತ್ತಿ ಕೂರಿಸಬೇಡಿ, ಕುತ್ತಿಗೆಗೂ ಪೆಟ್ಟಾಗಿರಬಹುದು. ತಲೆ, ಕುತ್ತಿಗೆ ಅಲುಗದ ಹಾಗೆ ಹಿಡಿದು ಆಂಬುಲೆನ್ಸ್‌ಗೆ ಕಾಯಿರಿ. ಭದ್ರಾವತಿ ಕಡೆಯವರಿಗೆ ತಾಲ್ಲೂಕು ಆಸ್ಪತ್ರೆ ಹತ್ತಿರ. ದೊಡ್ಡ ಪೆಟ್ಟಾದರೆ ಶಿವಮೊಗ್ಗದಲ್ಲಿ ಸಿಮ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆ ಇದೆ. ಏಟು ತಿಂದವರು ತಾವೇ ಬೈಕ್ ಓಡಿಸಿಕೊಂಡು ಹೋಗುವುದು ಬೇಡ.

ಮೊದಲ 48 ಗಂಟೆ

ವೈದ್ಯರು ನೋಡಿ ಮನೆಗೆ ಕಳಿಸಿದರು ಅಂದುಕೊಳ್ಳಿ. ಮುಂದೇನು?

1. ಮೊದಲ ದಿನ ಒಬ್ಬರು ಜೊತೆಗಿರಲಿ. ತೋಟದ ಮನೆಯಲ್ಲಿ ಒಬ್ಬರೇ ಮಲಗುವುದು ಬೇಡ. ಮೇಲಿನ ಪಟ್ಟಿ ಜೊತೆಗಿರುವವರ ಫೋನ್‌ನಲ್ಲಿರಲಿ.

2. ನಿದ್ದೆ ಮಾಡಲಿ. "ತಲೆಗೆ ಏಟಾದವರನ್ನು ಮಲಗೋಕೆ ಬಿಡಬಾರದು" ಅನ್ನೋ ಹಳೇ ಮಾತು ಈಗ ನಡೆಯುವುದಿಲ್ಲ. ವೈದ್ಯರು ನೋಡಿ ಸರಿ ಅಂದ ಮೇಲೆ ನಿದ್ದೆ ಒಳ್ಳೆಯದೇ.

3. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ-ಇಂಜೆಕ್ಷನ್‌ಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಅವು ರಕ್ತಸ್ರಾವದ ಸಾಧ್ಯತೆ ಹೆಚ್ಚಿಸಬಹುದು.

4. ಕುಡಿತ ಪೂರ್ತಿ ಬಂದ್. ಕುಡಿದವನ ಮಂಪರು ಯಾವುದು, ಏಟಿನ ಮಂಪರು ಯಾವುದು ಅಂತ ಮನೆಯವರಿಗೆ ಗೊತ್ತಾಗುವುದಿಲ್ಲ.

5. ಫೋನ್ ಪಕ್ಕಕ್ಕಿಡಿ. ಫೋನ್‌ನಲ್ಲೇ ಓದುತ್ತಿರುವ ನಿಮಗೆ ಇದು ಕಷ್ಟದ ಮಾತು ಅಂತ ಗೊತ್ತು. ಆದರೆ 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕನ್ಕಷನ್ ಆದ 12ರಿಂದ 25 ವಯಸ್ಸಿನ 125 ಮಂದಿಯನ್ನು ಎರಡು ಗುಂಪು ಮಾಡಿ ನೋಡಿತು. ಮೊದಲ 48 ಗಂಟೆ ಸ್ಕ್ರೀನ್ ಬಿಡಿ ಅಂತ ಹೇಳಿಸಿಕೊಂಡ ಗುಂಪು ಮೂರೂವರೆ ದಿನದಲ್ಲಿ ಚೇತರಿಸಿಕೊಂಡಿತು. ಸ್ಕ್ರೀನ್ ನೋಡಬಹುದು ಅಂತ ಬಿಟ್ಟ ಗುಂಪಿಗೆ 8 ದಿನ ಹಿಡಿಯಿತು. ಎರಡು ದಿನ ರೀಲ್ಸ್ ಬಿಟ್ಟರೆ ನಷ್ಟವೇನೂ ಇಲ್ಲ. ಧಾರಣೆ ಎಷ್ಟಾಯ್ತು ಅಂತ ಮನೆಯವರು ನೋಡಿ ಹೇಳಲಿ.

ಹಾಗಂತ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗುವುದೂ ಸರಿಯಲ್ಲ. 2015ರ ಇನ್ನೊಂದು ಅಧ್ಯಯನದಲ್ಲಿ ಐದು ದಿನ ಕಟ್ಟುನಿಟ್ಟಾಗಿ ವಿಶ್ರಾಂತಿ ಪಡೆದ ಹುಡುಗರು, ಒಂದೆರಡು ದಿನ ಮಾತ್ರ ವಿಶ್ರಾಂತಿ ಪಡೆದವರಿಗಿಂತ ಹೆಚ್ಚು ತೊಂದರೆ ಹೇಳಿಕೊಂಡರು. ಮೊದಲ ದಿನದಿಂದಲೂ ಮನೆಯೊಳಗೆ, ಅಂಗಳದಲ್ಲಿ ನಿಧಾನ ಓಡಾಡಬಹುದು.

ತೋಟಕ್ಕೆ ಮರಳುವ ಆರು ಮೆಟ್ಟಿಲು

ಆಟಗಾರರು ಮೈದಾನಕ್ಕೆ ಮರಳಲು ಆರು ಹಂತಗಳ ಕ್ರಮವಿದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಅದನ್ನು ಪರಿಷ್ಕರಿಸಿದರು. ಅದನ್ನೇ ತೋಟದ ಕೆಲಸಕ್ಕೆ ಹೊಂದಿಸಿ, ನಮ್ಮ ಹುಡುಗನನ್ನು ನೋಡುತ್ತಿದ್ದ ವೈದ್ಯರಿಗೆ ತೋರಿಸಿ, ಗೋದಾಮಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆವು:

ಮೆಟ್ಟಿಲು 1: ಮನೆಯ ಸಣ್ಣಪುಟ್ಟ ಕೆಲಸ, ಅಂಗಳದಲ್ಲಿ ಓಡಾಟ.
ಮೆಟ್ಟಿಲು 2: ತಂಪು ಹೊತ್ತಲ್ಲಿ 15-20 ನಿಮಿಷ ನಡಿಗೆ. ಆಮೇಲೆ ಸ್ವಲ್ಪ ಚುರುಕಾಗಿ.
ಮೆಟ್ಟಿಲು 3: ನೆಲದ ಮೇಲಿನ ಹಗುರ ಕೆಲಸ. ಹನಿ ನೀರಾವರಿ ವಾಲ್ವ್ ತಿರುಗಿಸುವುದು, ನೆರಳಲ್ಲಿ ಕೂತು ಅಡಿಕೆ ಆರಿಸುವುದು.
ಮೆಟ್ಟಿಲು 4: ಹೆಚ್ಚು ಹೊತ್ತಿನ ಕೆಲಸ, ಸ್ವಲ್ಪ ಭಾರ ಹೊರುವುದು, ಸುಲಿಯುವ ಯಂತ್ರದ ಹತ್ತಿರ ನಿಲ್ಲುವುದು.
ಮೆಟ್ಟಿಲು 5: ವೈದ್ಯರು ಸರಿ ಅಂದ ಮೇಲೆ ಬೈಕ್, ಕಳೆ ಕೊಚ್ಚುವ ಯಂತ್ರ, ಟಿಲ್ಲರ್, ಟ್ರ್ಯಾಕ್ಟರ್.
ಮೆಟ್ಟಿಲು 6: ದೋಟಿ, ಏಣಿ, ಮರ. ಎಲ್ಲಕ್ಕಿಂತ ಕೊನೆಗೆ.

ಒಂದೊಂದು ಮೆಟ್ಟಿಲಿಗೆ ಕನಿಷ್ಠ ಒಂದು ದಿನ. ತಲೆನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ ಕೆಲಸಕ್ಕೆ ಮುಂಚೆ ಮತ್ತು ಕೆಲಸದ ನಡುವೆ ನೀವೇ ಕೊಟ್ಟುಕೊಳ್ಳಿ. ಎರಡು ಅಂಕಕ್ಕಿಂತ ಜಾಸ್ತಿ ಏರಿದರೆ, ಅಥವಾ ಒಂದು ಗಂಟೆಯಾದರೂ ಇಳಿಯದಿದ್ದರೆ ಅಂದಿಗೆ ನಿಲ್ಲಿಸಿ, ಮರುದಿನ ಮತ್ತೆ ನೋಡಿ. ನಾಲ್ಕನೇ ಮೆಟ್ಟಿಲು ಹತ್ತಬೇಕಾದರೆ ಲಕ್ಷಣಗಳೆಲ್ಲ ಪೂರ್ತಿ ಹೋಗಿರಬೇಕು. ನಮ್ಮ ಹುಡುಗ ಐದನೇ ದಿನವೇ ಸುಲಿಯುವ ಯಂತ್ರದ ಹತ್ತಿರ ನಿಂತ. ಹತ್ತೇ ನಿಮಿಷಕ್ಕೆ ಸದ್ದಿಗೆ ತಲೆ ಸಿಡಿಯತೊಡಗಿ ಕೆಳಗಿನ ಮೆಟ್ಟಿಲಿಗೆ ಇಳಿದ. ಒಂಬತ್ತನೇ ದಿನ ಅದೇ ಯಂತ್ರದ ಹತ್ತಿರ ಏನೂ ಅನ್ನಿಸಲಿಲ್ಲ.

ಮರ ಕೊನೆಗೆ ಯಾಕೆ? ಕನ್ಕಷನ್ ಆದ ಮೇಲೆ ಕೆಲವು ದಿನ ಸಮತೋಲನ, ಕೈಕಣ್ಣಿನ ಚುರುಕು ಕಮ್ಮಿಯಾಗಿರುತ್ತದೆ. ಅದು ನಮಗೇ ತಿಳಿಯುವುದಿಲ್ಲ. ಆ ಸ್ಥಿತಿಯಲ್ಲಿ ಮೇಲೇರಿದರೆ ಇನ್ನೊಮ್ಮೆ ಬೀಳುವ ಸಾಧ್ಯತೆ ಹೆಚ್ಚು. ಮೊದಲ ಪೆಟ್ಟು ಮಾಯದೆ ಎರಡನೇ ಪೆಟ್ಟು ಬಿದ್ದರೆ ಮಿದುಳಿಗೆ ಆಗುವ ಹಾನಿಯೂ ಹೆಚ್ಚು.

ಈ ದಿನಗಳಲ್ಲಿ ಔಷಧಿ ಸಿಂಪಡಣೆಗೂ ಹೋಗಬೇಡಿ. ಕೀಟನಾಶಕದ ವಿಷ ಏರಿದರೂ ತಲೆನೋವು, ತಲೆಸುತ್ತು, ವಾಂತಿಯೇ ಬರುತ್ತದೆ. ಯಾವುದು ಏಟಿನದು, ಯಾವುದು ವಿಷದ್ದು ಅಂತ ಗೊತ್ತಾಗದೆ ಚಿಕಿತ್ಸೆ ತಡವಾಗುತ್ತದೆ.

ಮಯಾಂಕ್ ಕೂತರು, ರಾಹುಲ್ ಇಳಿದರು

2021ರ ಆಗಸ್ಟ್ 2ರಂದು ಇಂಗ್ಲೆಂಡಿನ ಟ್ರೆಂಟ್ ಬ್ರಿಡ್ಜ್‌ನಲ್ಲಿ ನೆಟ್ ಅಭ್ಯಾಸದ ವೇಳೆ ಸಿರಾಜ್ ಎಸೆದ ಚೆಂಡು ನಮ್ಮ ಮಯಾಂಕ್ ಅಗರವಾಲ್ ಹೆಲ್ಮೆಟ್‌ಗೆ ಬಡಿಯಿತು. ಕನ್ಕಷನ್ ಲಕ್ಷಣ ಕಂಡದ್ದರಿಂದ ಎರಡು ದಿನ ಬಿಟ್ಟು ಶುರುವಾದ ಟೆಸ್ಟ್‌ನಿಂದ ಅವರನ್ನು ಹೊರಗಿಟ್ಟರು. ಆರಂಭಿಕನಾಗಿ ಇಳಿದ ಇನ್ನೊಬ್ಬ ಕನ್ನಡಿಗ ಕೆ.ಎಲ್. ರಾಹುಲ್ 84 ರನ್ ಹೊಡೆದರು. ತಂಡದ ಕೆಲಸ ನಿಲ್ಲಲಿಲ್ಲ. ಮಯಾಂಕ್ ಅದೇ ವರ್ಷ ಡಿಸೆಂಬರ್‌ನಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 150 ಹೊಡೆದರು.

ಭದ್ರಾವತಿಯಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ ಆಡುತ್ತಿದ್ದ ಕಾಲಕ್ಕೆ ಇಂಥ ನಿಯಮ ಇರಲಿಲ್ಲ. ಏಟು ತಿಂದವನ ಬದಲು ಇನ್ನೊಬ್ಬನನ್ನು ಪಂದ್ಯದ ನಡುವೆಯೇ ಇಳಿಸುವ ನಿಯಮವನ್ನು ಐಸಿಸಿ ಜಾರಿಗೆ ತಂದದ್ದು 2019ರ ಆಗಸ್ಟ್ 1ರಿಂದ. ಕೊಯ್ಲಿನ ಗುಂಪಿಗೂ ಇಂಥ ಬದಲಿ ಆಳು ಬೇಕು. ಸೀಸನ್ ಶುರುವಾಗುವ ಮೊದಲೇ ಯಾರಿಗೆ ಏಟಾದರೆ ಯಾರು ದೋಟಿ ಹಿಡಿಯಬೇಕು ಅಂತ ಮಾತಾಡಿಟ್ಟುಕೊಳ್ಳಿ.

ಕೂಲಿಯವರ ಮಾತು

ಚೇಣಿ ಗುಂಪಿನಲ್ಲಿ ಬರುವವರಿಗೆ ಒಂದು ದಿನ ಕೂತರೆ ಒಂದು ದಿನದ ಕೂಲಿ ಹೋಯಿತು. ಹಾಗಾಗಿ ನೋವಿದ್ದರೂ ಹೇಳುವುದಿಲ್ಲ, ಮರುದಿನ ಬೆಳಗ್ಗೆ ಹಾಜರ್. "ರೆಸ್ಟ್ ತಗೋ" ಅಂತ ಬಾಯಲ್ಲಿ ಹೇಳಿದರೆ ಸಾಲದು. ಮೊದಲ ಎರಡು ದಿನದ ಕೂಲಿ ಕೊಟ್ಟು ಮನೆಯಲ್ಲಿ ಕೂರಿಸಿ. ಲಕ್ಷಣ ಇಳಿದ ಮೇಲೆ ನೆರಳಲ್ಲಿ ಆರಿಸುವ ಕೆಲಸ, ಚೀಲದ ಲೆಕ್ಕ ಬರೆಯುವ ಕೆಲಸ ಕೊಡಿ. ಕೂಲಿ ಉಳಿಯುತ್ತದೆ ಅಂತ ಗೊತ್ತಿದ್ದರೆ ಅವರೂ ನಿಜ ಹೇಳುತ್ತಾರೆ.

ಹೆಚ್ಚಿನವರು ಎರಡರಿಂದ ನಾಲ್ಕು ವಾರದಲ್ಲಿ ಸರಿಹೋಗುತ್ತಾರೆ. ನಾಲ್ಕು ವಾರವಾದರೂ ತಲೆನೋವು, ಮರೆವು, ನಿದ್ದೆಗೇಡು ಉಳಿದರೆ ಮತ್ತೆ ವೈದ್ಯರನ್ನು ನೋಡಿ. ಮನಸ್ಸು ಕುಗ್ಗಿದರೆ, ಸಿಟ್ಟು ಕೈಮೀರಿದರೆ ಟೆಲಿಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈ ವಾರ ಮಾಡಬೇಕಾದ್ದು

• ದೋಟಿ ಕೆಳಗೆ ನಿಲ್ಲುವ ಪ್ರತಿಯೊಬ್ಬರಿಗೂ ಕಾರ್ಖಾನೆ ಕೆಲಸಗಾರರು ಹಾಕುವಂಥ ಗಟ್ಟಿ ಹೆಲ್ಮೆಟ್ ತನ್ನಿ. ಭದ್ರಾವತಿಯವರಿಗೆ ಉಕ್ಕಿನ ಕಾರ್ಖಾನೆಯ ಹೆಲ್ಮೆಟ್ ಹೊಸದೇನಲ್ಲ, ತೋಟಕ್ಕಷ್ಟೇ ಅದು ಬಂದಿಲ್ಲ.
• ಗೊನೆ ಬೀಳುವ ಜಾಗದಿಂದ ದೂರ ನಿಲ್ಲಿ. ಕೊಯ್ಯುವವರು ಕೂಗಿ ಹೇಳಿಯೇ ಎಳೆಯಲಿ.
• ಬೈಕ್ ಹೆಲ್ಮೆಟ್‌ನ ಪಟ್ಟಿ ಬಿಗಿಯಾಗಿರಲಿ. ಒಮ್ಮೆ ಜೋರು ಏಟು ತಿಂದ ಹೆಲ್ಮೆಟ್ ಬದಲಿಸಿ.
• ಅಪಾಯದ ಲಕ್ಷಣಗಳ ಪಟ್ಟಿ, ಆರು ಮೆಟ್ಟಿಲುಗಳ ಪಟ್ಟಿ ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದು ಕೊಯ್ಲಿನ ವಾಟ್ಸಾಪ್ ಗುಂಪಿಗೆ ಹಾಕಿ. ಏಟಾದವನಿಗೆ ಆ ಹೊತ್ತಿಗೆ ನೆನಪಿರುವುದಿಲ್ಲ, ಪಕ್ಕದಲ್ಲಿರುವವರಿಗೆ ಗೊತ್ತಿರಬೇಕು.