ಶಾಲಾಮಕ್ಕಳ ರೋಬಾಟ್ ಪಂದ್ಯ

ಚಂದ್ರಾ ಲೇಔಟಿನ ನಿಮ್ಮ ಮನೆಗೆ ಮಗು ಶಾಲೆಯಿಂದ ಓಡಿಬಂದು, “ನಮ್ಮಲ್ಲಿ ರೋಬಾಟ್ ತಂಡ ಕಟ್ಟುತ್ತಾರಂತೆ, ಸೇರಲೇ ಅಮ್ಮ?” ಎಂದು ಕೇಳಿದರೆ ನೀವೇನು ಹೇಳುವಿರಿ? ಖರ್ಚೆಷ್ಟು ಎಂಬುದು ಮೊದಲು ನೆನಪಾಗುವುದು ಸಹಜವೇ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆಯೊಂದುಂಟು. ಅಲ್ಲಿ ಯಂತ್ರ ಕಟ್ಟುವವರು ಮಕ್ಕಳೋ, ದೊಡ್ಡವರೋ?

ಪಂದ್ಯದ ಸ್ವರೂಪವನ್ನು ನೋಡಿದರೆ ಈ ಮಾತು ತಿಳಿಯಾಗುತ್ತದೆ. 2004ರಲ್ಲಿ ಸಿಂಗಪುರದಲ್ಲಿ ಆರಂಭವಾದ ವಿಶ್ವ ರೋಬಾಟ್ ಒಲಿಂಪಿಯಾಡನ್ನೇ ತೆಗೆದುಕೊಳ್ಳಿ. 2016ರಲ್ಲಿ ಅದರ ಅಂತಿಮ ಸ್ಪರ್ಧೆ ನಮ್ಮ ದೇಶದಲ್ಲೇ, ದೆಹಲಿಯ ಬಳಿ ಜರುಗಿತು. ಅದರ ಮುಖ್ಯ ವಿಭಾಗದಲ್ಲಿ ತಂಡಕ್ಕೆ ಇಬ್ಬರು ಇಲ್ಲವೆ ಮೂವರು ಮಕ್ಕಳು. ಹೊರಡುವಾಗ ಯಂತ್ರವು ಉದ್ದ, ಅಗಲ, ಎತ್ತರ ಯಾವುದರಲ್ಲೂ 25 ಸೆಂಟಿಮೀಟರು ಮೀರಕೂಡದು. ಎರಡೇ ನಿಮಿಷದೊಳಗೆ ಅದು ಮೇಜಿನ ಮೇಲಿನ ಗೆರೆ ಹಿಡಿದು ಹೋಗಿ, ವಸ್ತುಗಳನ್ನೆತ್ತಿ, ಹೇಳಿದ ಜಾಗದಲ್ಲಿ ಇಳಿಸಬೇಕು. ರಿಮೋಟ್ ಇಲ್ಲ, ಗುಂಡಿ ಒತ್ತಿದ ಮೇಲೆ ಎಲ್ಲವೂ ಯಂತ್ರದ ಪಾಲಿಗೆ. ಪಂದ್ಯದ ಬೆಳಿಗ್ಗೆ ಹೊಸದೊಂದು ನಿಯಮವನ್ನು ಪ್ರಕಟಿಸುವ ಪದ್ಧತಿಯೂ ಉಂಟು. ಆಗ ಗುರುಗಳು ಅಂಕಣದ ಹೊರಗೆ ನಿಂತಿರಬೇಕು. ಅಪ್ಪನೋ ತರಬೇತುದಾರನೋ ಕಟ್ಟಿಕೊಟ್ಟ ಯಂತ್ರದ ಬಂಡವಾಳ ಬಯಲಾಗುವುದು ಆ ಗಳಿಗೆಯಲ್ಲಿಯೇ!

ಹಾಗಾದರೆ ಗುರುಗಳಿಗೇನು ಕೆಲಸ? ಮಗು ಯಂತ್ರಕ್ಕೆ “ಎರಡು ಸೆಕೆಂಡು ಓಡು” ಎಂದು ಆಜ್ಞೆ ಬರೆಯುತ್ತದೆ ಎನ್ನಿ. ನಿನ್ನೆ ಸರಿಯಾಗಿ ನಿಂತ ಯಂತ್ರ ಇಂದು ಗೆರೆಗಿಂತ ಹಿಂದೆಯೇ ನಿಲ್ಲುತ್ತದೆ. ಬ್ಯಾಟರಿ ಇಳಿದಿದೆ, ಅಷ್ಟೆ. ಗುರುಗಳು ಅದನ್ನು ಹೇಳಿಬಿಟ್ಟರೆ ಒಂದು ನಿಮಿಷದ ಕೆಲಸ, ಹೇಳದೆ “ಏನು ಬದಲಾಗಿರಬಹುದು?” ಎಂದು ಕೇಳಿ ಸುಮ್ಮನಿದ್ದರೆ ಒಂದು ಸಂಜೆಯೇ ಬೇಕು. ಆದರೆ ಆ ಸಂಜೆ ಮಗು ಸೆಕೆಂಡನ್ನು ಬಿಟ್ಟು ಚಕ್ರದ ಸುತ್ತುಗಳನ್ನು ಎಣಿಸಲು ಕಲಿಯುತ್ತದೆ. 5.6 ಸೆಂಟಿಮೀಟರು ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 17.6 ಸೆಂಟಿಮೀಟರು ಸಾಗುವುದಷ್ಟೆ? ಪಠ್ಯಪುಸ್ತಕದ ಪರಿಧಿಯ ಲೆಕ್ಕ ಇಲ್ಲಿ ನೆಲದ ಮೇಲೆ ಓಡಾಡುತ್ತದೆ. ಬೆಳಕಿನ ಸಂಗತಿಯೂ ಹಾಗೆಯೇ. ತರಗತಿಯ ಕಿಟಕಿಯ ಬಳಿ ಕಪ್ಪು ಗೆರೆಯನ್ನು ಗುರುತಿಸಿದ ಕಣ್ಣು ಸಭಾಂಗಣದ ದೀಪದಡಿ ತಬ್ಬಿಬ್ಬಾಗಬಹುದು. ಕಪ್ಪನ್ನೂ ಬಿಳಿಯನ್ನೂ ಅಲ್ಲಿಯೇ ಮತ್ತೆ ಅಳೆದು, ನಡುವಿನ ಅಂಕಿಯನ್ನು ಇಟ್ಟುಕೊಳ್ಳಬೇಕು.

ಹೆಣ್ಣುಮಕ್ಕಳಿಗೆ ಚಾರ್ಟು ಬರೆಯುವ ಕೆಲಸ, ಗಂಡುಹುಡುಗರಿಗೆ ಮೋಟಾರು ಎಂಬ ಹಂಚಿಕೆ ಬಹಳ ಕಡೆ ತಾನಾಗಿಯೇ ಆಗಿಬಿಡುತ್ತದೆ. ಅದನ್ನು ವಾರವಾರವೂ ಅದಲುಬದಲು ಮಾಡಿಸಬೇಕು.

ಇನ್ನು ಹಣದ ಮಾತು. 2016ರಲ್ಲಿ ಕೇಂದ್ರ ಸರ್ಕಾರ ಹೂಡಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯದ ಯೋಜನೆಯಲ್ಲಿ, ಆಯ್ಕೆಯಾದ ಶಾಲೆಗೆ ಐದು ವರ್ಷಗಳಲ್ಲಿ 20 ಲಕ್ಷ ರೂಪಾಯಿವರೆಗೆ ನೆರವು ಗೊತ್ತಾಗಿತ್ತು. ನಿಮ್ಮ ಮಗುವಿನ ಶಾಲೆಯಲ್ಲಿ ಅಂಥ ಕೊಠಡಿಯಿದ್ದರೆ ಬೀಗ ತೆಗೆಯುತ್ತಾರೆಯೇ ಎಂದು ವಿಚಾರಿಸಿ. ಇಲ್ಲವಾದರೆ ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿನಲ್ಲಿಳಿದು, ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಬಿಡಿಭಾಗ ಹುಡುಕಬಹುದು; ಅಭ್ಯಾಸಕ್ಕೆ ಅವು ಸಾಕು. ಹತ್ತಾರು ಸಾವಿರದ ಸಿದ್ಧ ಪೆಟ್ಟಿಗೆಯನ್ನು ಕೊಳ್ಳುವ ಮುನ್ನ, ಆ ವರ್ಷದ ಪಂದ್ಯದಲ್ಲಿ ಯಾವ ಸಾಮಗ್ರಿಗೆ ಅನುಮತಿಯಿದೆ ಎಂಬುದನ್ನು ನಿಯಮಾವಳಿಯಲ್ಲಿ ಓದಿಕೊಳ್ಳಿ. ಕೊಂಡರೂ ಅದು ಶಾಲೆಯ ಸೊತ್ತಾಗಿರಲಿ, ಶುಲ್ಕ ಕಟ್ಟಲಾರದ ಮನೆಯ ಮಗುವಿನ ಕೈಗೂ ಆಗ ಅದು ಸಿಗುತ್ತದೆ.