ಮಿನಿ ನಡುಗುವುದೇಕೆ?

1959ರಲ್ಲಿ ಬ್ರಿಟನ್ನಿನ ರಸ್ತೆಗಿಳಿದ ಮಿನಿ ಕಾರಿಗಿದ್ದದ್ದು 848 ಸಿಸಿ ಎಂಜಿನ್. ಈಗ ಹವ್ಯಾಸಿಗಳು ಅದೇ ಮನೆತನದ 1275 ಸಿಸಿ ಎಂಜಿನ್ ಕೂರಿಸಿ, ಸ್ಪೋರ್ಟ್ಸ್ ಕ್ಯಾಮ್‌ಶಾಫ್ಟ್, ಜೋಡಿ ಎಸ್‌ಯು ಕಾರ್ಬುರೇಟರ್ ಹಾಕಿಸುತ್ತಾರೆ. ಓಡುವಾಗ ಕಾರು ಚಿಮ್ಮುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಗಡಗಡ ನಡುಗುತ್ತದೆ. ಇದು ರೋಗವೋ, ಎಂಜಿನ್ನಿನ ಹೊಸ ಸ್ವಭಾವವೋ? ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮುಂಚೆ ಇದು ಇತ್ಯರ್ಥವಾಗಬೇಕು.

ಸ್ಪೋರ್ಟ್ಸ್ ಕ್ಯಾಮ್ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮೊದಲೇ ಇನ್‌ಟೇಕ್ ವಾಲ್ವ್ ತೆರೆಯುತ್ತದೆ. ವೇಗದಲ್ಲಿ ಇದರಿಂದ ಲಾಭವೇ. ಹೊರನುಗ್ಗುವ ಹೊಗೆ ಹೊಸ ಗಾಳಿಯನ್ನು ಎಳೆದುಕೊಂಡು ಬರುತ್ತದೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಒತ್ತಡ ತೀರಾ ಕಡಿಮೆ. ಸುಟ್ಟ ಹೊಗೆ ಹಿಂದಕ್ಕೆ ನುಗ್ಗಿ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಕೆಡಿಸುತ್ತದೆ. ಮಿಶ್ರಣ ಒಮ್ಮೆ ಹೊತ್ತುತ್ತದೆ, ಇನ್ನೊಮ್ಮೆ ಸರಿಯಾಗಿ ಹೊತ್ತುವುದಿಲ್ಲ. ಸಾಲದ್ದಕ್ಕೆ ಮಿನಿಯ ನಾಲ್ಕು ಸಿಲಿಂಡರ್‌ಗಳಿಗೆ ಗಾಳಿ ಬರುವ ಬಾಗಿಲು ಎರಡೇ. ಅಕ್ಕಪಕ್ಕದವು ಒಂದನ್ನೇ ಹಂಚಿಕೊಳ್ಳಬೇಕು. ಈ ನಡುಕಕ್ಕೆ ಒಂದು ಲಯವಿರುತ್ತದೆ. ಅದನ್ನು ಪೂರ್ತಿ ಅಳಿಸಲು ಹೊರಡುವುದು ವ್ಯರ್ಥ. ಐಡ್ಲಿಂಗ್ ಸ್ವಲ್ಪ ಏರಿಸಿಕೊಂಡರೆ ಸಾಕು.

ರೋಗದ ಚಹರೆ ಬೇರೆ. ಇನ್ಸುಲೇಟೆಡ್ ಇಕ್ಕಳದಿಂದ ಪ್ಲಗ್ ವೈರ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಯಾವುದನ್ನು ತೆಗೆದರೂ ಎಂಜಿನ್ ಕುಗ್ಗಬೇಕು. ಕುಗ್ಗದಿದ್ದರೆ ಆ ಸಿಲಿಂಡರ್ ಮೊದಲೇ ಸತ್ತಿದೆ: ಪ್ಲಗ್, ವೈರ್ ಅಥವಾ ವಾಲ್ವ್. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬ್ರೇಕ್ ಸರ್ವೋದ ಪೈಪ್ ಎಲ್ಲಾದರೂ ಗಾಳಿ ಎಳೆಯುತ್ತಿದ್ದರೂ ಐಡ್ಲಿಂಗ್ ಹದಗೆಡುತ್ತದೆ.

ಟ್ಯಾಪೆಟ್ ಗ್ಯಾಪ್ ವಿಷಯದಲ್ಲಿ ಹಳೇ ಅಭ್ಯಾಸವೇ ಕೈಕೊಡುವುದುಂಟು. ಮೂಲ ಎಂಜಿನ್ನಿಗೆ ಇಂಚಿನ ಸಾವಿರದಲ್ಲಿ 12 ಭಾಗ. ಹೊಸ ಕ್ಯಾಮ್‌ಗೆ ಅದನ್ನು ತಯಾರಿಸಿದವರು ಹೇಳಿದ್ದೇ ಅಳತೆ. ಗ್ಯಾಪ್ ತೀರಾ ಬಿಗಿಯಾದರೆ ವಾಲ್ವ್ ಸರಿಯಾಗಿ ಕೂರುವುದಿಲ್ಲ.

ಟ್ಯಾಪೆಟ್, ಇಗ್ನಿಷನ್ ಎರಡೂ ಸರಿಯಾದ ಮೇಲಷ್ಟೇ ಕಾರ್ಬುರೇಟರ್. ಬಹಳ ಜನ ಶುರು ಮಾಡುವುದೇ ಇಲ್ಲಿಂದ, ಕೆಡಿಸುವುದೂ ಇಲ್ಲೇ. ಹಳೇ ಎಸ್‌ಯುಗಳ ಅಡಿಯಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಪಿನ್ ಇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅದನ್ನು ಮೆಲ್ಲಗೆ ಒತ್ತಿ, ಒಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ. ಕ್ಷಣ ಮಾತ್ರ ಏರಿ ಮತ್ತೆ ಮೊದಲಿನ ಲಯಕ್ಕೆ ಬಂದರೆ ಮಿಶ್ರಣ ಹದವಾಗಿದೆ. ಎರಡೂ ಕಾರ್ಬುರೇಟರ್‌ಗಳಲ್ಲಿ ಹೀಗೇ ನೋಡಬೇಕು. ಕೆಲಸ ಕೆಲವು ನಿಮಿಷ ಹಿಡಿದರೆ ನಡುನಡುವೆ ಅರ್ಧ ನಿಮಿಷ 2500 ಆರ್‌ಪಿಎಂವರೆಗೆ ರೇಸ್ ಕೊಟ್ಟು ಎಂಜಿನ್ ತಿಳಿ ಮಾಡಿಕೊಳ್ಳಿ. ಇಲ್ಲದಿದ್ದರೆ ಪ್ಲಗ್ಗಿಗೆ ಮಸಿ ಕಟ್ಟಿ ಪರೀಕ್ಷೆಯೇ ಸುಳ್ಳಾಗುತ್ತದೆ.